ಘನವೆಂದರೆ ಸುರಕ್ಷಿತವೇ?

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ 14,100 ಟನ್ ಲಿಥಿಯಂ ಇರಬಹುದೆಂಬ ಅಂದಾಜು 2020ರಲ್ಲಿ ಹೊರಬಿದ್ದಾಗ ಮಂಡ್ಯ ಜಿಲ್ಲೆಯಷ್ಟೇ ಅಲ್ಲ, ದೇಶವೇ ಹಿಗ್ಗಿತು. ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯನ್ನು ಆಧರಿಸಿ ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ಒಪ್ಪಿಸಿದ ಲೆಕ್ಕ 1,600 ಟನ್ ಮಾತ್ರ. ಅದೂ ಪ್ರಾಥಮಿಕ ಅಂದಾಜು. ಅಳೆಯುವ ಮುನ್ನ ಹಿಗ್ಗಬಾರದೆಂಬ ಈ ಪಾಠ, ಅದೇ ಲಿಥಿಯಂನಿಂದ ತಯಾರಾಗುವ ಬ್ಯಾಟರಿಗಳಿಗೂ ಅನ್ವಯಿಸಬೇಕೆಂಬುದು ನನ್ನ ನಿಲುವು.

ಇಂದಿನ ಲಿಥಿಯಂ ಬ್ಯಾಟರಿಗಳ ಒಡಲಲ್ಲಿರುವುದು ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರವ. ಅದರ ಬದಲು ಘನ ಪದಾರ್ಥವನ್ನು ಬಳಸಿದರೆ ಬೆಂಕಿಯ ಭಯವೇ ಇಲ್ಲವೆಂಬ ಪ್ರಚಾರ ಈಗ ಜೋರಾಗಿದೆ. ಈ ಮಾತಿನಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಇಂತಹ ಅನೇಕ ವಿನ್ಯಾಸಗಳಲ್ಲಿ ಬಳಸುವ ಲಿಥಿಯಂ ಲೋಹ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಸಲ್ಫೈಡ್ ಜಾತಿಯ ಘನ ಪದಾರ್ಥಗಳಿಗೆ ತೇವ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೊಮ್ಮುತ್ತದೆ. ಘನ ಬ್ಯಾಟರಿಯೊಳಗೆ ಶಾರ್ಟ್ ಸರ್ಕಿಟ್ ಆದರೆ, ತಾಪ ದ್ರವ ಬ್ಯಾಟರಿಗಿಂತಲೂ ಮೇಲೇರಬಹುದೆಂದು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಜ್ಞಾನಿಗಳು ಭಾಗಿಯಾದ ಅಧ್ಯಯನವೊಂದು 2022ರಲ್ಲಿ ಲೆಕ್ಕ ಹಾಕಿ ತೋರಿಸಿತು. ಕಡಿಮೆ ಗಾತ್ರದಲ್ಲಿ ಹೆಚ್ಚು ಶಕ್ತಿಯನ್ನು ತುಂಬಿದಾಗ ಅದು ಬಿಡುಗಡೆಯಾಗುವ ಬಗೆಯನ್ನೂ ಯೋಚಿಸಬೇಕಲ್ಲವೇ?

ಆದ್ದರಿಂದ ಘನ ಪದಾರ್ಥವೊಂದನ್ನೇ ಕಾಯಿಸಿ 'ಉರಿಯಲಿಲ್ಲ' ಎಂದು ಷರಾ ಬರೆದರೆ ಸಾಲದು. ಪೂರ್ತಿ ಚಾರ್ಜ್ ಆದ ಇಡೀ ಕೋಶವನ್ನು ಹಂತಹಂತವಾಗಿ ಕಾಯಿಸಬೇಕು, ಚುಚ್ಚಬೇಕು, ಜಜ್ಜಬೇಕು. ಯಾವ ತಾಪದಲ್ಲಿ ಎಷ್ಟು ಶಾಖ, ಯಾವ ಅನಿಲ ಹೊರಬಂತೆಂದು ದಾಖಲಿಸಬೇಕು. 2022ರಲ್ಲಿ ವಿದ್ಯುತ್ ಸ್ಕೂಟರ್‌ಗಳು ಬೀದಿಯಲ್ಲಿ ಹೊತ್ತಿ ಉರಿದ ಮೇಲಷ್ಟೇ ನಮ್ಮ ಎಐಎಸ್–156 ಮಾನದಂಡ ಬಿಗಿಯಾಯಿತು; ಆ ವರ್ಷದ ಡಿಸೆಂಬರ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಪರಿಪಾಠ ಘನ ಬ್ಯಾಟರಿಗಳ ವಿಷಯದಲ್ಲಿ ಮರುಕಳಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಈ ಕ್ಷೇತ್ರದ ಸಂಶೋಧನೆ ನಡೆದಿರುವಾಗ ಪರಿಣತರ ಕೊರತೆಯ ನೆಪವೂ ನಮಗಿಲ್ಲ. ಮಾರುಕಟ್ಟೆಗೆ ಬರುವ ಮೊದಲೇ ಪರೀಕ್ಷೆ ಕಡ್ಡಾಯವಾಗಲಿ. ಫಲಿತಾಂಶ ಎಲ್ಲರ ಕೈಗೂ ಸಿಗಲಿ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಮನೆಯ ಪಕ್ಕದಲ್ಲೇ ಕೊಟ್ಟಿಗೆ, ಅದರ ಹಿಂದೆಯೇ ಹುಲ್ಲಿನ ಮೆದೆ. ಅಂಥ ಮನೆಯ ಜಗಲಿಯಲ್ಲಿ ರಾತ್ರಿಯಿಡೀ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಿ ಮಲಗುವವರಿಗೆ ಬೇಕಾದದ್ದು ಘನವಾದ ಭರವಸೆಯಲ್ಲ, ಅಳೆದು ನೋಡಿದ ಸತ್ಯ.