ದಾಸೋಹದ ರೊಟ್ಟಿ

ಕೊಪ್ಪಳದ ಗವಿಮಠದ ಬೆಟ್ಟವನ್ನು ಬಲ್ಲವರಿಗೆ ಅಲ್ಲಿಯ ಬಂಡೆಯ ಮೇಲಿರುವ ಅಶೋಕನ ಶಾಸನವೂ ತಿಳಿದಿರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಬರಹವನ್ನು ಕಲ್ಲು ಕಾದುಕೊಂಡು ಬಂದಿದೆ. ಅದೇ ಬೆಟ್ಟದ ಬುಡದಲ್ಲಿ ನೆರೆಯುವ ಶ್ರೀ ಗವಿಸಿದ್ಧೇಶ್ವರ ಜಾತ್ರೆಗೆ ಅಂಥ ಕಲ್ಲಿನ ಕಾವಲಿಲ್ಲ. ಅದನ್ನು ವರ್ಷ ವರ್ಷವೂ ಮನುಷ್ಯರ ಕೈಗಳೇ ಹೊಸದಾಗಿ ಕಟ್ಟಬೇಕು.

ಪುಷ್ಯ ಬಹುಳ ಬಿದಿಗೆಯಂದು ತೇರಿನ ಸುತ್ತ ಕೂಡುವ ಲಕ್ಷಾಂತರ ಜನರ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡುತ್ತೇವೆ. ಆ ಜನಕ್ಕೆ ಉಣಬಡಿಸುವ ಮಹಾದಾಸೋಹದ ಬೇರು ಮಾತ್ರ ಸುತ್ತಣ ಹಳ್ಳಿಗಳ ಅಡುಗೆಮನೆಗಳಲ್ಲಿದೆ. ಜಾತ್ರೆಗೆ ಅನೇಕ ದಿನ ಮುಂಚಿತವಾಗಿಯೇ ಓಣಿಯ ತಾಯಂದಿರು ಒಂದು ಮನೆಯಲ್ಲಿ ಕಲೆಯುತ್ತಾರೆ. ಒಬ್ಬರು ಎಸರಿಟ್ಟು ಹಿಟ್ಟು ನಾದಿದರೆ ಇನ್ನೊಬ್ಬರು ಬಡಿಯುತ್ತಾರೆ, ಮತ್ತೊಬ್ಬರು ಹಂಚಿನ ಮುಂದೆ ಕುಳಿತು ಬೇಯಿಸುತ್ತಾರೆ. ಗರಿಗರಿಯಾಗಿ ಒಣಗಿದ ಜೋಳದ ರೊಟ್ಟಿ ಬಹುದಿನ ಕೆಡುವುದಿಲ್ಲ. ಬುಟ್ಟಿ ತುಂಬಿದ ಮೇಲೆ ಊರಿನ ತರುಣರು ಅದನ್ನು ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಏರಿಸಿ, ಭಜನೆ ವಾದ್ಯಗಳೊಂದಿಗೆ ಮಠಕ್ಕೆ ತರುತ್ತಾರೆ. ಅಲ್ಲಿಗೆ ಬಂದ ಬಳಿಕ ಯಾವ ರೊಟ್ಟಿ ಯಾವ ಮನೆಯದು, ಯಾವ ಜಾತಿಯದು ಎಂದು ಯಾರೂ ಗುರುತಿಸಲಾರರು.

ಇಲ್ಲಿ ಒಂದು ಸೂಕ್ಷ್ಮವಿದೆ. ಜಾತ್ರೆಯ ಹೊತ್ತಿಗೆ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಇನ್ನೂ ನಿಂತೇ ಇರುತ್ತದೆ. ಸುಗ್ಗಿ ಮುಂದಿದೆ, ಕಣಜದಲ್ಲಿ ಹಿಂದಿನ ವರ್ಷದ ಕಾಳು ಕರಗುತ್ತ ಬಂದಿದೆ. ಉಳಿದುದರಲ್ಲಿಯೇ ಅಳೆದು ಕೊಡುವ ಈ ರೊಟ್ಟಿಯನ್ನು ದಾನವೆನ್ನಲಾಗದು. ದಾನ ಕೊಟ್ಟವನು ಮೇಲೆ ನಿಲ್ಲುತ್ತಾನೆ. ದಾಸೋಹ ಮಾಡುವವನು ದಾಸನಾಗಿ ನಿಲ್ಲುತ್ತಾನೆ. ಮಳೆಯನ್ನು ನಂಬಲಾಗದ ನಾಡಿನಲ್ಲಿ ಈ ಅರ್ಥವನ್ನು ಗ್ರಂಥವಿಲ್ಲದೆ ಉಳಿಸಿದವರು ನಮ್ಮ ತಾಯಂದಿರು. (ಅಭಿನಂದನ ಗ್ರಂಥಗಳಲ್ಲಿ ಅವರ ಹೆಸರುಗಳನ್ನು ಹುಡುಕಿದರೆ ನಿರಾಶೆಯಾಗುತ್ತದೆ.)

ಹೀಗೆ ಕೂಡಿ ದುಡಿಯುವ ರೂಢಿ ಬೇರೆ ಕೆಲಸಕ್ಕೂ ಒದಗುತ್ತದೆ. 2019ರಲ್ಲಿ ಗವಿಮಠದ ಈಗಿನ ಪೂಜ್ಯರಾದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು ಹೂಳು, ಮುಳ್ಳುಕಂಟಿ ತುಂಬಿದ್ದ ಹಿರೇಹಳ್ಳದ ಸ್ವಚ್ಛತೆಗೆ ತಾವೇ ಇಳಿದಾಗ ಹಳ್ಳಿಗಳ ಜನ ಹಿಂದೆ ನಿಲ್ಲಲಿಲ್ಲ. ಜಾತ್ರೆಯಲ್ಲಿ ಬುಟ್ಟಿ ಹೊತ್ತು ಅಭ್ಯಾಸವಿದ್ದವರಿಗೆ ಮಣ್ಣಿನ ಬುಟ್ಟಿ ಹೊಸದೆನಿಸದು.

ಇಂದು ಊರೂರಿಗೆ ರೊಟ್ಟಿ ಕೇಂದ್ರಗಳಾಗಿವೆ, ಯಂತ್ರಗಳೂ ಬಂದಿವೆ. ಅಲ್ಲಿ ದುಡಿಯುವ ಸೋದರಿಯರದೂ ಕಾಯಕವೇ, ಅದನ್ನು ಹಳಿಯುವುದು ಸಲ್ಲದು. ಆದರೆ ಅನುಕೂಲವಂತರು ನೂರು ರೊಟ್ಟಿಗೆ ಹಣ ಕಟ್ಟಿ ಸೇವೆ ಸಂದಿತೆಂದು ತಿಳಿಯುವುದು ನನಗೆ ಒಪ್ಪಿತವಲ್ಲ. ಹಣದಿಂದ ಪಂಕ್ತಿ ನಡೆದೀತು. ಓಣಿಯ ಹತ್ತು ಮನೆಗಳು ಒಂದೇ ಒಲೆಯ ಸುತ್ತ ಕೂಡುವುದು ನಿಂತುಹೋದೀತು. ಹಿಟ್ಟಿನ ಹದ ಕಣ್ಣಳತೆಯಿಂದ ಬರುವ ವಿದ್ಯೆ. ಅಜ್ಜಿಯ ಮಗ್ಗುಲಲ್ಲಿ ಕುಳಿತು ನಾಲ್ಕು ರೊಟ್ಟಿ ಹರಿದುಕೊಂಡವರಿಗೆ ಮಾತ್ರ ಐದನೆಯದು ದುಂಡಗೆ ಬರುತ್ತದೆ.

ಇದು ಹೆಣ್ಣುಮಕ್ಕಳಿಗಷ್ಟೇ ಹೇಳಿದ ಮಾತೆಂದು ಗಂಡುಮಕ್ಕಳು ಜಾರಿಕೊಳ್ಳಬಾರದು. ಬೆಂಗಳೂರು, ಪುಣೆಗಳಲ್ಲಿ ನೌಕರಿ ಮಾಡುವ ನಮ್ಮ ತರುಣರು ತೇರಿನ ದಿನ ಬಂದು ಉತ್ತತ್ತಿ ಎಸೆದು ಸಂಜೆಯ ಬಸ್ಸಿಗೆ ಹೊರಡುತ್ತಾರೆ. ತೇರು ನಿಂತ ಮೇಲೂ ದಾಸೋಹ ಬಹುದಿನ ನಡೆಯುತ್ತದೆ. ನೀರು ತುಂಬಲು, ಎಲೆ ಎತ್ತಲು, ಹಂಡೆ ಬೆಳಗಲು ಆಗಲೇ ಆಳು ಸಾಲದಾಗುವುದು. ರಜೆ ಕೇಳುವಾಗ ಆ ದಿನಗಳಲ್ಲಿ ಎರಡನ್ನಾದರೂ ಸೇರಿಸಿ ಕೇಳಿರಿ.