ಕಾರ್ಡ್ ಮೇಲಿನ ನಂಬರ್ ನಂಬಿ ದುಡ್ಡು ಹಾಕಬೇಡಿ

ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಹುಡುಗರು ಮೊಬೈಲ್‌ನಲ್ಲಿ ಕ್ರಿಕೆಟ್ ಗೇಮ್ ಆಡುತ್ತಾರೆ. ಪ್ರತಿ ಆಟಗಾರನಿಗೂ ಒಂದು ರೇಟಿಂಗ್: 78, 85, 92. ಸೋತವನಿಗೆ ಗೆಳೆಯರ ಸಲಹೆ ಒಂದೇ, 'ದೊಡ್ಡ ರೇಟಿಂಗ್‌ನವನನ್ನ ತಗೋ.' ತಗೊಳ್ಳುವ ದುಡ್ಡು ಮಾತ್ರ ಅಪ್ಪನ ಯುಪಿಐದು.

ನಾವು ಇದನ್ನು ಒಪ್ಪುವುದಿಲ್ಲ. ರೇಟಿಂಗ್ ಎಂದರೆ ಗೇಮ್ ಮಾಡಿದವರ ಅಂದಾಜು. 85ರವನಿಗಿಂತ 92ರವನು ನೂರು ಎಸೆತಕ್ಕೆ ಎಷ್ಟು ರನ್ ಹೆಚ್ಚು ಹೊಡೆಯುತ್ತಾನೆ? ಕಾರ್ಡ್ ಮೇಲೆ ಅದು ಇರುವುದಿಲ್ಲ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆದರೆ ಯಾವ ಕಾರ್ಡ್ ಬರುವ ಸಂಭವ ಎಷ್ಟು ಎಂದು ತಿಳಿಸಲೇಬೇಕೆಂದು ಆ್ಯಪಲ್ 2017ರಲ್ಲೇ ನಿಯಮ ಮಾಡಿತು. ಬಂದ ಕಾರ್ಡ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನೂ ಹೇಳಲಿ.

ಇನ್ನು ಕೆಲವರು 'ನಾಲ್ಕು ಮ್ಯಾಚ್ ಆಡಿಸಿದೆ, ಬರೀ ಡಕ್, ರೇಟಿಂಗೇ ಸುಳ್ಳು' ಎನ್ನುತ್ತಾರೆ. ಅದೂ ತಪ್ಪು. ಡಾನ್ ಬ್ರಾಡ್ಮನ್ ಟೆಸ್ಟ್ ಸರಾಸರಿ 99.94. 1948ರಲ್ಲಿ ಓವಲ್ ಮೈದಾನದ ಕೊನೆಯ ಇನಿಂಗ್ಸ್‌ನಲ್ಲಿ ಅವರು ಹೊಡೆದದ್ದು ಸೊನ್ನೆ. ಅಷ್ಟನ್ನೇ ನೋಡಿ ತೀರ್ಪು ಕೊಡುವುದೇ? ಅಮೆರಿಕದವರ ಬೇಸ್‌ಬಾಲ್ ಗೇಮ್‌ಗಳಲ್ಲೂ ಇದೇ ಜಗಳ. ಆ ಆಟದಲ್ಲಿ ನೂರಕ್ಕೆ 30 ಸಲ ಹಿಟ್ ಹೊಡೆಯುವವನು ದೊಡ್ಡ ಬ್ಯಾಟರ್, 25 ಸಲ ಹೊಡೆಯುವವನು ಸಾಧಾರಣ. 20 ಅವಕಾಶಕ್ಕೆ ಇಬ್ಬರ ನಡುವಿನ ವ್ಯತ್ಯಾಸ ಒಂದೇ ಹಿಟ್! ನಾಲ್ಕು ಮ್ಯಾಚ್‌ನಲ್ಲಿ ಅದು ಕಣ್ಣಿಗೆ ಬೀಳುವುದಾದರೂ ಹೇಗೆ?

ಫಲಿತಾಂಶದಲ್ಲಿ ರೇಟಿಂಗ್ ಜೊತೆ ಬೆರಳಿನ ಚುರುಕು, ಫೋನು, ನೆಟ್‌ವರ್ಕ್ ಎಲ್ಲವೂ ಸೇರಿರುತ್ತವೆ. ಟಿಳಕವಾಡಿಯಲ್ಲಿ ವೈಫೈ ಹಿಡಿದು ಕೂತವನಿಗೂ ಕಣಕುಂಬಿಯ ಕಾಡಂಚಿನಲ್ಲಿ ಒಂದು ಕಡ್ಡಿ ಸಿಗ್ನಲ್‌ಗೆ ಮರದ ಕೆಳಗೆ ನಿಂತವನಿಗೂ ಕಾರ್ಡ್ ಒಂದೇ ಆದರೂ ಆನ್‌ಲೈನ್ ಮ್ಯಾಚ್ ಒಂದೇ ಅಲ್ಲ. ಚೆಂಡು ತಡವರಿಸಿ ಬಂದರೆ 92 ರೇಟಿಂಗ್‌ನವನೂ ಬೋಲ್ಡ್. ಅದಕ್ಕೆ ಇನ್ನೂ ದೊಡ್ಡ ಕಾರ್ಡ್ ಕೊಂಡರೆ ಸಿಗ್ನಲ್ ಸರಿಹೋಗುತ್ತದೆಯೇ?

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಗೆಲ್ಲುವ ಆಸೆಗೆ ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಬರೀ ಆಟಕ್ಕಾಗಿ ಕಾರ್ಡ್ ಕೊಳ್ಳುವುದು ಜೂಜಲ್ಲ, ಅದನ್ನು ಆ ಕಾನೂನು ತಡೆಯುವುದಿಲ್ಲ. ಇಲ್ಲಿ ಎಚ್ಚರ ನಮ್ಮದೇ.

ಖಾನಾಪುರದ ಗಡಿಗೆಯನ್ನೂ ನಾವು ಬಡಿದು, ಸಪ್ಪಳ ಕೇಳಿಯೇ ಕೊಳ್ಳುವವರು. ಕಾರ್ಡನ್ನೂ ಹಾಗೇ ಬಡಿದು ನೋಡಿ. ಪುಕ್ಕಟೆ ಸಿಕ್ಕ ಇಬ್ಬರು ಬ್ಯಾಟರ್‌ಗಳನ್ನು ಆರಿಸಿ: ಒಬ್ಬನದು ಹೆಚ್ಚು ರೇಟಿಂಗ್, ಇನ್ನೊಬ್ಬನದು ಕಮ್ಮಿ. ಆಫ್‌ಲೈನ್‌ನಲ್ಲಿ, ಒಂದೇ ಲೆವೆಲ್‌ನಲ್ಲಿ, ಅಷ್ಟೇ ಓವರ್ ಇಟ್ಟು ಇಬ್ಬರನ್ನೂ ಮೂವತ್ತು ಮೂವತ್ತು ಇನಿಂಗ್ಸ್ ಆಡಿಸಿ. ರನ್, ಎಸೆತ, ಔಟ್ ಮೂರನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಅಷ್ಟಾದ ಮೇಲೂ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಅಪ್ಪನ ದುಡ್ಡು ಅಪ್ಪನ ಖಾತೆಯಲ್ಲೇ ಇರಲಿ.