ಪುಸ್ತಕದ ಕಿವಿರು ಎತ್ತಿ ನೋಡಿ

ಕಾಸಿಮೇಡಿನಲ್ಲಿ ಮೀನು ಕೊಳ್ಳುವವರು ಬೆಲೆ ಕೇಳುವ ಮೊದಲು ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಮಾತ್ರ ಮುಂದಿನ ಮಾತು. ಕಂಪ್ಯೂಟರ್ ಪುಸ್ತಕವನ್ನು ಮಾತ್ರ ನಾವು ದಪ್ಪ ನೋಡಿ ಕೊಳ್ಳುತ್ತೇವೆ.

ಅಲ್ಲಿನ ಬೋಟ್ ಕೆಲಸದವರ ಮನೆಯ ಬಿಸಿಎ ಹುಡುಗನೊಬ್ಬ ಸೆಂಟ್ರಲ್ ಸ್ಟೇಷನ್ ಬಳಿಯ ಹಳೇ ಪುಸ್ತಕದಂಗಡಿಯಿಂದ ಪಿಎಚ್‌ಪಿ ಪುಸ್ತಕ ತಂದಿದ್ದ. (ನಮ್ಮ ಅವೆನ್ಯೂ ರಸ್ತೆಯಂಥ ಜಾಗ, 1985ರಲ್ಲಿ ಮೂರ್ ಮಾರ್ಕೆಟ್ ಸುಟ್ಟ ಮೇಲೆ ಅಂಗಡಿಗಳು ಇಲ್ಲಿಗೆ ಬಂದವು.) ಏಪ್ರಿಲ್ 15ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಅಂಥ ಮನೆಗೆ ಮುನ್ನೂರು ರೂಪಾಯಿ ಸಣ್ಣದಲ್ಲ. ಪುಸ್ತಕದಲ್ಲಿದ್ದ ಹಾಗೆಯೇ ಟೈಪ್ ಮಾಡಿದರೂ ಪ್ರೋಗ್ರಾಂ ಓಡಲಿಲ್ಲ. ತನಗೆ ಈ ವಿದ್ಯೆ ಹತ್ತುವುದಿಲ್ಲ ಎಂದೇ ಅವನು ತೀರ್ಮಾನಿಸಿಬಿಟ್ಟಿದ್ದ.

ಕಾರಣ ಬೇರೆ. ಡೇಟಾಬೇಸ್ ಜೊತೆ ಮಾತಾಡಲು ಆ ಪುಸ್ತಕ ಹೇಳಿಕೊಡುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7 ಕಿತ್ತುಹಾಕಿತು. ಓಡದೆ ನಿಂತದ್ದು ಅದೃಷ್ಟವೆನ್ನಿ. ಅದೇ ಕಾಲದ ಪುಸ್ತಕಗಳು ಪಾಸ್‌ವರ್ಡನ್ನು ಎಂಡಿ5 ಮಾಡಿ ಇಡಿ ಎನ್ನುತ್ತವೆ. ಆ ಕೋಡ್ ಇವತ್ತೂ ಸಲೀಸಾಗಿ ಓಡುತ್ತದೆ, ಆದರೆ ಅದನ್ನು ಒಡೆಯುವುದು ಈಗ ಏನೇನೂ ಕಷ್ಟವಲ್ಲ. ಅದಕ್ಕೆಂದೇ ಬೇರೆ ಫಂಕ್ಷನ್ 2013ರಲ್ಲೇ ಬಂದಿದೆ. ನನಗೆ ಭಯ ಇಂಥದ್ದರದು.

ಹಾಗಂತ ಪುಸ್ತಕವೇ ಬೇಡ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಡೇವಿಡ್ ಫ್ಲಾನಗನ್ ಅವರ ಘೇಂಡಾಮೃಗ ಮುಖಪುಟದ ಜಾವಾಸ್ಕ್ರಿಪ್ಟ್ ಪುಸ್ತಕ 2011ರ ಆವೃತ್ತಿಯಲ್ಲಿ ಸಾವಿರ ಪುಟ ದಾಟಿತ್ತು. 2020ರ ಏಳನೇ ಆವೃತ್ತಿ ಏಳುನೂರರ ಆಸುಪಾಸಿಗೆ ಇಳಿಯಿತು. ಹಿಂಭಾಗದ ನಿಘಂಟಿನಂಥ ಭಾಗವನ್ನು ಲೇಖಕರೇ ತೆಗೆದರು. ಅದು ಅಂತರ್ಜಾಲದಲ್ಲೇ ಹೊಸದಾಗಿ ಸಿಗುತ್ತದೆ. ಉಳಿಸಿಕೊಂಡದ್ದು ವಿವರಣೆಯನ್ನು. ಕರ್ನಿಗನ್ ಮತ್ತು ರಿಚಿಯವರ ಸಿ ಪುಸ್ತಕದ 1988ರ ಆವೃತ್ತಿ ಇನ್ನೂ ಕೆಲಸಕ್ಕೆ ಬರುತ್ತದೆ, ಒಣಮೀನಿನ ಹಾಗೆ. ಆಂಗ್ಯುಲರ್‌ನಂಥವು ಹಸಿಮೀನು: 2016ರಲ್ಲಿ ಅದನ್ನು ಬುಡದಿಂದ ಹೊಸದಾಗಿ ಬರೆದಾಗ ಹಿಂದಿನ ಪುಸ್ತಕಗಳೆಲ್ಲ ಒಂದೇ ಏಟಿಗೆ ಹಳಸಿದವು.

ಪುಸ್ತಕದ ಕಿವಿರು ಇರುವುದು ಹಕ್ಕುಸ್ವಾಮ್ಯದ ಪುಟದಲ್ಲಿ. ಅಲ್ಲೂ ಒಂದು ಮೋಸವಿದೆ: 'ಮರುಮುದ್ರಣ' ಎಂದು ಇತ್ತೀಚಿನ ವರ್ಷ ಇರುತ್ತದೆ, ಒಳಗಿನ ಆವೃತ್ತಿ ಹತ್ತು ವರ್ಷ ಹಳೆಯದಿರುತ್ತದೆ. ಆವೃತ್ತಿಯ ವರ್ಷ ನೋಡಿ. ಪುಸ್ತಕ ಹೇಳುವ ಪಿಎಚ್‌ಪಿ 5ನೆಯದೋ 8ನೆಯದೋ ನೋಡಿ.

ಹುಡುಗನಿಗೆ ಪುಸ್ತಕ ಎಸೆಯಬೇಡ ಎಂದೆ. ಟೇಬಲ್‌ಗಳನ್ನು ಹೇಗೆ ಬಿಡಿಸಿಡಬೇಕು, ಒಂದನ್ನೊಂದಕ್ಕೆ ಹೇಗೆ ಜೋಡಿಸಬೇಕು ಎನ್ನುವ ಅದರ ನಾಲ್ಕು ಅಧ್ಯಾಯಗಳು ಚೆನ್ನಾಗಿಯೇ ಇವೆ. ಉಳಿದದ್ದಕ್ಕೆ ಪಿಎಚ್‌ಪಿಯವರದೇ ಕೈಪಿಡಿ ಇದೆ, ಉಚಿತ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಡೇಟಾ ಖರ್ಚಿಲ್ಲ. ಕಾಲೇಜಿನ ವೈಫೈಯಲ್ಲಿ ಇಳಿಸಿಕೊಂಡಿದ್ದಾನೆ. ಈಗ ಅಪ್ಪನ ಬೋಟಿನ ಡೀಸೆಲ್ ಲೆಕ್ಕಕ್ಕೊಂದು ಪುಟ ಬರೆಯುತ್ತಿದ್ದಾನೆ.